ಜಾಕು ಒಳಗೆ ಹೋದ ಮೇಲೆ

ಮನೆಯಿಂದ,
ಭಾನುವಾರ, ಹದಿನಾಲ್ಕನೆಯ ತಾರೀಖು

ನಮ್ಮ ಮನೆಯ ‘ಇವರಿಗೆ’,

ಹೇಗಿದ್ದೀರಿ? ಹಡಗಿನ ಊಟ ಈಗಲಾದರೂ ಒಗ್ಗಿತೆ? ಬೆನ್ನುನೋವಿಗೆಂದು ಕಟ್ಟಿಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲಾ ಪೆಟ್ಟಿಗೆಯಲ್ಲೇ ಅದನ್ನು ಮಲಗಿಸಿಬಿಟ್ಟಿದ್ದೀರೋ? ನಾನು ಚೆನ್ನಾಗಿದ್ದೇನೆ. ಮಾವನವರ ಕೋಪ ಎಂದಿನಂತೆ ಮೂಗಿನ ತುದಿಯಲ್ಲೇ ಇದೆ, ಆದ್ದರಿಂದ ಅವರೂ ಗಟ್ಟಿಮುಟ್ಟಾಗಿದ್ದಾರೆಂದು ತಿಳಿದುಕೊಳ್ಳಿ.

ಕಾರಿನ ಸುದ್ದಿಯನ್ನು ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ. ಪಂಕ್ಚರ್ ಆದ ಚಕ್ರ ಬಿಚ್ಚಲು ಮಾವನವರು ಬಾಗಿಲ ಕೆಳಗೆ ಜಾಕು ಕೊಟ್ಟು ತಿರುಗಿಸಿದರು. ಕಾರು ಮೇಲೇಳಲಿಲ್ಲ, ಜಾಕೇ ಕರಕರ ಎನ್ನುತ್ತ ತುಕ್ಕು ತಿಂದ ತಗಡನ್ನು ತೂರಿಕೊಂಡು ಕಾರಿನೊಳಗೆ ಹೋಯಿತು. ಮೇಲೆ ಥಳುಕು, ಒಳಗೆ ಹುಳುಕು ಎಂಬುದನ್ನು ಕೇಳಿದ್ದೆ, ಅವತ್ತು ನೋಡಿದೆ. ನೀವು ಗುಜರಿಗೆ ಕೊಟ್ಟುಬಿಡಿ ಎಂದಿರಲ್ಲ, ಆ ಮಾತನ್ನು ನಾನು ಅವರಿಗೆ ದಾಟಿಸಲೇ ಇಲ್ಲ. ನಿಮ್ಮನ್ನು ಆಸ್ಪತ್ರೆಯಿಂದ ಬಟ್ಟೆಯಲ್ಲಿ ಸುತ್ತಿ ತಂದ ಗಾಡಿ ಅದು. ಮದುವೆಯ ಮಾರನೆಯ ದಿನ ಹೊಸ ಬಟ್ಟೆಯಲ್ಲಿ ನಾನು ತಳ್ಳಿದ ಗಾಡಿಯೂ ಹೌದು. ನೀವು ಒಳಗೆ ಆರಾಮಾಗಿ ಕೂತು ‘ಇನ್ನೊಂಚೂರು, ಇನ್ನೊಂಚೂರು’ ಎನ್ನುತ್ತಿದ್ದಿರಿ!

ಬೆಸುಗೆಯವರನ್ನು ಮನೆಗೇ ಕರೆಸಿದೆವು. ಎಲ್ಲರೂ ಅವರನ್ನು ಕರೆಯುವುದು ಕಿಡಿಯಣ್ಣ ಎಂದೇ. ಕಾರಿನಡಿ ಮಲಗಿ, ಸ್ಕ್ರೂಡ್ರೈವರಿನಿಂದ ಅಲ್ಲಲ್ಲಿ ಚುಚ್ಚಿ, ತಲೆಯ ಮೇಲೆಲ್ಲ ತುಕ್ಕು ಉದುರಿಸಿಕೊಂಡು ಎದ್ದರು. ಬಾಗಿಲುಗಳ ಕೆಳಗೆ ಚಕ್ರದಿಂದ ಚಕ್ರದವರೆಗಿನ ಪಟ್ಟಿಯೇ ಹೋಗಿತ್ತು. ಮಾವನವರಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಸಾಕಿತ್ತು. ಕಿಡಿಯಣ್ಣ, ‘ಯಜಮಾನ್ರೇ, ಇಡೀ ಗಾಡಿ ಇದರ ಮೇಲೆ ನಿಂತಿದೆ. ಮುರಿದ ಮೂಳೆಗೆ ಪೌಡರ್ ಹಚ್ತೀರಾ?’ ಎಂದುಬಿಟ್ಟರು. ಮಾವನವರು ಮುಖ ಊದಿಸಿಕೊಂಡು ಒಳಗೆ ಹೋದರು. ಸಂಜೆ ಒಣಗಿದ ಬಟ್ಟೆ ತೆಗೆಯಲು ಹೋದಾಗ ನೋಡಿದರೆ, ಒಬ್ಬರೇ ಕುಕ್ಕರಗಾಲಲ್ಲಿ ಕೂತು ಆ ತೂತಿಗೆ ಕೈ ಹಾಕುತ್ತಿದ್ದರು. ಬೊಗಸೆ ತುಂಬ ಕಂದು ಚಕ್ಕೆ. ‘ನಾಳೆ ಎಲ್ಲ ಕತ್ತರಿಸೋಕೆ ಹೇಳು’ ಎಂದರು, ಅಷ್ಟೇ.

ನನ್ನ ಹೊಲಿಗೆ ಕಬ್ಬಿಣಕ್ಕೂ ಒದಗುತ್ತದೆಂದು ಗೊತ್ತಿರಲಿಲ್ಲ. ತಗಡಿಗೆ ಕತ್ತರಿ ಹಾಕುವ ಮುಂಚೆ ರಟ್ಟಿನಲ್ಲಿ ಆಕಾರ ತೆಗೆಯಬೇಕಂತೆ. ಅದನ್ನು ನಾನೇ ತೆಗೆದೆ, ಅಂಗಿಗೆ ಬಿಡುವ ಹಾಗೆ ಅಂಚು ಮಡಚಲು ಬೆರಳಗಲ ಹೆಚ್ಚು ಬಿಟ್ಟು. ಕಿಡಿಯಣ್ಣ ಮೊದಲು ಚುಕ್ಕಿಚುಕ್ಕಿಯಾಗಿ ಬೆಸೆದರು, ನಮ್ಮ ಕಚ್ಚಾ ಹೊಲಿಗೆಯಂತೆ. ಆಮೇಲೆ ನೋಡಿದರೆ ಬಾಗಿಲು ಹಾಕಿಕೊಳ್ಳುತ್ತಲೇ ಇಲ್ಲ! ಪಟ್ಟಿ ಕತ್ತರಿಸಿದಾಗ ಕಾರು ನಡುವಿನಲ್ಲಿ ಜಗ್ಗಿತ್ತು. ಮಾವನವರು ಗೋಡೆಗೊರಗಿ ಕೂತುಬಿಟ್ಟರು. ‘ನಾನೇ ಕೊಂದೆ ಅದನ್ನ’ ಎಂದರು. ಅತ್ತೆ ಹೋದ ಮೇಲೆ ಅವರ ದನಿ ಹಾಗೆ ನಡುಗಿದ್ದನ್ನು ನಾನು ಕೇಳಿರಲಿಲ್ಲ. ಕಿಡಿಯಣ್ಣ ಮಾತ್ರ ‘ಅಳೋದು ಆಮೇಲೆ, ಮೊದ್ಲು ಜಾಕ್ ಹಿಡೀರಿ’ ಎಂದು ಚುಕ್ಕಿ ಬೆಸುಗೆಗಳನ್ನು ಬಿಚ್ಚಿದರು. ಮಾವನವರು ಮರದ ದಿಮ್ಮಿ ಕೊಟ್ಟು ಕೂದಲೆಳೆಯಷ್ಟಷ್ಟೇ ಎತ್ತುವುದು, ನಾನು ಬಾಗಿಲು ಹಾಕಿ ನೋಡುವುದು. ತೋಳು ಬಿದ್ದುಹೋಗುವ ಹೊತ್ತಿಗೆ ಟಪ್ ಎಂದು ಕೂತಿತು. ನಂಬಿಕೆಯಾಗದೆ ಇನ್ನೊಮ್ಮೆ ಹಾಕಿದೆವು. ಟಪ್. ಮಾವನವರು ಕಿಡಿಯಣ್ಣನನ್ನು ತಬ್ಬಿಕೊಂಡರು. ಇಬ್ಬರ ಮಸಿಯೂ ಹತ್ತಿದ ಅಂಗಿಯನ್ನು ಒಗೆದವಳು ನಾನು, ಅದು ಬೇರೆ ಮಾತು.

ಈಗ ಪೂರಾ ಬೆಸುಗೆಯಾಗಿ, ಬಣ್ಣವೂ ಬಿದ್ದಿದೆ. ಹಳೆಯ ನೀಲಿಗೂ ಹೊಸ ನೀಲಿಗೂ ಅಣ್ಣತಮ್ಮಂದಿರಷ್ಟು ಹೋಲಿಕೆ, ಅವಳಿಜವಳಿಯಷ್ಟಲ್ಲ. ಮಾವನವರು ಬಂದವರಿಗೆಲ್ಲ ಕಾರು ತೋರಿಸುವ ಬದಲು ಕಾರಿನ ಅಡಿ ತೋರಿಸುತ್ತಾರೆ. ಪಾಪ, ಹಾಲಿನವನೂ ನೆಲದ ಮೇಲೆ ಮಲಗಿ ನೋಡಬೇಕಾಯಿತು.

ಹೊತ್ತಿಗೆ ಸರಿಯಾಗಿ ಉಣ್ಣಿ, ಬಿಸಿಲಲ್ಲಿ ತಲೆಗೆ ಬಟ್ಟೆ ಕಟ್ಟಿಕೊಳ್ಳಿ. ಮಾವನವರು ಆಶೀರ್ವಾದ ತಿಳಿಸಿದ್ದಾರೆ, ಕಿಡಿಯಣ್ಣ ನಮಸ್ಕಾರ.

ಇಂತಿ,
ನಿಮ್ಮ ಮನೆಯ ದರ್ಜಿ

ತಾ.ಕ.: ಬರೆಯಲೋ ಬೇಡವೋ ಎಂದು ಕವರನ್ನು ಅಂಟಿಸಲು ಹೋಗಿ ಬಿಟ್ಟೆ. ನಿನ್ನೆ ಮೊದಲ ಸಲ ಕಾರು ಹೊರಗೆ ತೆಗೆದೆವು. ಬೀದಿಯ ತಿರುವಿನವರೆಗೆ ಮಾವನವರೇ ಓಡಿಸಿದರು. ಅಲ್ಲಿ ನಿಲ್ಲಿಸಿ, ಇಳಿದು ಬಂದು, ನನ್ನ ಕಡೆಯ ಬಾಗಿಲು ತೆಗೆದು, ‘ಇನ್ಮೇಲೆ ನೀನೇ ಓಡಿಸಮ್ಮ. ಎದುರಿಗೆ ಬರೋ ಗಾಡಿ ಎಷ್ಟು ದೂರ ಇದೆ ಅಂತ ನನಗೆ ತಿಳೀತಿಲ್ಲ’ ಎಂದರು. ಲೈಸೆನ್ಸ್ ಸಿಕ್ಕಿ ಇಷ್ಟು ವರ್ಷವಾದರೂ ಒಂದು ದಿನ ನನ್ನ ಕೈಗೆ ಕೀ ಕೊಟ್ಟವರಲ್ಲ. ಗುರುವಾರ ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ‘ಅವನಿಗೆ ಹೇಳಬೇಡ’ ಎಂದಿದ್ದಾರೆ, ಆದ್ದರಿಂದ ನಿಮಗೆ ಗೊತ್ತಿಲ್ಲ. ಫೋನಿನಲ್ಲಿ ಅವರು ಕಣ್ಣಿನ ಮಾತೆತ್ತುವುದಿಲ್ಲ. ನಾನು ಗಿಯರ್ ಹಾಕಿದಾಗ ಗಾಡಿ ಕಿರುಚುತ್ತದೆಂದು ದೂರುತ್ತಾರೆ. ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳಿ.