ಹಸಿವಾಗದ ಕುದುರೆ

ಫೆಬ್ರವರಿ 9, ಬೆಳಿಗ್ಗೆ

ಇಂದೂ ಅದೇ. ಚಹಾ, ಗುಳಿಗೆ, ಆಟ. ಚಿಕ್ಕಪ್ಪನ ಮಗ ಕುಣಾಲ ನಿಪ್ಪಾಣಿಯಿಂದ ತನ್ನ ಕಂಪ್ಯೂಟರನ್ನೇ ಹೊತ್ತು ತಂದು ನನ್ನ ಮಂಚದ ಪಕ್ಕ ಜೋಡಿಸಿ ಕೊಟ್ಟಿದ್ದಾನೆ. ಅದರಲ್ಲಿ ಈ ಆಟ: ರಾಜರ ಕಾಲದ ಯುರೋಪು. ಕತ್ತಿ, ಕೋಟೆ, ಮೊಣಕಾಲುದ್ದ ಕೆಸರು. "ಥೇಟ್ ಖರೇ ಜೀವನ ಇದ್ದಂಗ ಐತಿ ನೋಡಣ್ಣ," ಅಂದಿದ್ದ.

ಹೌದು, ಹಾಗೇ ಇದೆ. ಆಟದೊಳಗಿನ ನನ್ನ ಮನುಷ್ಯನಿಗೆ ಹಸಿವಾಗುತ್ತದೆ, ನಿದ್ದೆ ಬರುತ್ತದೆ. ಮೈ ತೊಳೆಯದಿದ್ದರೆ ಊರಿನವರು ಹತ್ತಿರ ಸೇರಿಸುವುದಿಲ್ಲ. ಅವನಿಗೆ ತಪ್ಪದೆ ಸ್ನಾನ ಮಾಡಿಸುತ್ತೇನೆ. ನಾನು ಮಾಡಿ... ಇರಲಿ.

ಎಡಗಾಲು ಮೊಣಕಾಲಿನ ಕೆಳಗೆ ಹಾಗೇ ಇದೆ. ಚಿವುಟಿ ನೋಡಿದೆ. ಏನೂ ಇಲ್ಲ.

ಫೆಬ್ರವರಿ 10

ದಿನವಿಡೀ ನಡೆದೆ. ಆಟದಲ್ಲಿ. ಅಲ್ಲಿ ಒಂದು ಕುದುರೆಯೂ ಸಿಕ್ಕಿದೆ, ಹತ್ತುವುದಿಲ್ಲ. ಒಂದು ಬಟನ್ ಒತ್ತಿದರೆ ನನ್ನ ಮನುಷ್ಯ ಶಿಳ್ಳೆ ಹೊಡೆಯುತ್ತಾನೆ, ಕುದುರೆ ಓಡಿ ಬರುತ್ತದೆ. ಬರಲಿ. ಪಕ್ಕದಲ್ಲಿ ನಿಂತಿರಲಿ.

ಅದರ ಹಣೆಯ ಹತ್ತಿರ ಹೋಗಿ ಕೂದಲ ಸುಳಿ ಹುಡುಕಿದೆ. ಸುಳಿಯೇ ಇಲ್ಲ! ಕುದುರೆ ಮಾಡಿದವರಿಗೆ ಕುದುರೆ ಗೊತ್ತಿಲ್ಲ. ರಾಯಬಾಗದ ಕಡೆ ಕುದುರೆಗಾಡಿ ಓಟದ ಶರ್ಯತ್ತಿನಲ್ಲಿ ಗಾಡಿ ಮಗುಚಿ ನಾನು ಚಕ್ರದಡಿ ಸಿಕ್ಕ ದಿನದಿಂದ ಅವ್ವನಿಗೆ ನಮ್ಮ ಕುದುರೆ ಹರಣಿಯ ಹಣೆಯ ಸುಳಿಯೇ ಕಣ್ಣಿಗೆ ಚುಚ್ಚುತ್ತಿದೆ. "ಸುಳಿ ನೋಡದ ತಂದ್ರಿ, ಮಗನ್ನ ಹಾಸಗಿಗೆ ಹಾಕಿತು," ಅಂತ ಬಂದವರೆಲ್ಲರ ಮುಂದೆ.

ಆವತ್ತು ತಿರುವಿನಲ್ಲಿ ಕಲ್ಲಿತ್ತು. ಕಲ್ಲಿಗೆ ಸುಳಿ ಇರುತ್ತದೇನು?

ಫೆಬ್ರವರಿ 14, ಮಧ್ಯಾಹ್ನ

ಅಪ್ಪ ದ್ರಾಕ್ಷಿ ತೋಟದಿಂದ ನೇರವಾಗಿ ಬಂದ. ಬಾಗಿಲಲ್ಲೇ ನಿಂತ.

"ಕೊಗನೊಳ್ಳಿ ಅಣ್ಣಾಸಾಬ ಕುದರಿ ಕೇಳಾಕತ್ತಾರ. ಮದವಿ ಮೆರವಣಿಗಿಗೆ ಬೇಕಂತ."

"ಮಾರಿಬಿಡು," ಅಂದೆ. ಕಣ್ಣು ಸ್ಕ್ರೀನಿನ ಮೇಲೆ.

"ಲೇ ಅಮೋಲ, ನೀ ಸಾಕಿದ ಕುದರಿ ಅದು."

"ಹೂಂ."

ಅಪ್ಪ ತಿರುಗಿ ತೋಟಕ್ಕೆ ಹೋದ. ಹರಣಿ ಮರಿಯಿದ್ದಾಗಿನಿಂದ ನನ್ನ ಶಿಳ್ಳೆಗೆ ಓಡಿ ಬಂದು ನನ್ನ ಕೈಯಲ್ಲೇ ತಿಂದು ಬೆಳೆದದ್ದು. ಇನ್ನು ಅದರ ಮೈಮೇಲೆ ಜರಿ ಬಟ್ಟೆ, ಕಿವಿಯ ಪಕ್ಕ ಬ್ಯಾಂಡು, ಪಟಾಕಿ. ಬೇಜಾರಾಗಬೇಕಿತ್ತು. ಆಗಲಿಲ್ಲ. ಆಗಲಿಲ್ಲವಲ್ಲ ಅಂತಲೂ ಬೇಜಾರಿಲ್ಲ.

ಫೆಬ್ರವರಿ 15

ಅವ್ವ ರೊಟ್ಟಿ ತಟ್ಟೆ ಇಟ್ಟು ಹೋಗದೆ ನಿಂತಳು.

"ಹರಣಿ ನೆನಿ ಕಡಲಿ ಮುಟ್ಟವಲ್ದು. ಹಸಿ ಮೇವ ಹಾಕಿದ್ರೂ ಹಂಗ ಬಿದ್ದೈತಿ. ಎಲುವ ಕಾಣಾಕತ್ತಾವ."

"ಸುಳಿ ಕೆಟ್ಟದ್ದು ಅಂದಿದ್ದಿ?"

"ಸುಳಿ ಕೆಟ್ಟದ್ದಿದ್ರ ಉಪವಾಸ ಕೆಡವಬೇಕೇನ? ನೀ ಒಮ್ಮೆ ಹೋಗಿ ನಿಂತರ ತಿಂತೈತಿ. ವಾಕರ ಐತೆಲ್ಲ. ಡಾಕ್ಟರ ಅಡ್ಡಾಡು ಅಂದಾರ."

ವಾಕರ್ ಬಾಗಿಲ ಹಿಂದಿದೆ. ಅದರ ಮೇಲೆ ಒದ್ದೆ ಟವೆಲ್ಲು, ಅಪ್ಪನ ಧೋತರ. ಬಟ್ಟೆ ಒಣಗಿಸಲು ಚೆನ್ನಾಗಿದೆ. ನಾಳೆ ಹೋಗುತ್ತೇನೆ ಅಂದೆ.

ಫೆಬ್ರವರಿ 22, ಭಾನುವಾರ

ಹೋಗಲಿಲ್ಲ. ಒಂದು ವಾರ ಬರೆದೂ ಇಲ್ಲ. ಬರೆಯುವಂಥದ್ದೇನಿತ್ತು?

ಇವತ್ತು ಆಟದಲ್ಲಿ ಹೊಳೆದಂಡೆಯ ಹುಲ್ಲುಗಾವಲಿಗೆ ಹೋಗಿ ಕುದುರೆಯನ್ನು ಬಿಟ್ಟು ಕೂತೆ. ಸೊಂಟದೆತ್ತರ ಹಸಿರು. ಮೇಯಲಿ ಅಂತ ಕಾದೆ. ಬಾಯಿ ಹಾಕಲಿಲ್ಲ. ನನ್ನ ಮನುಷ್ಯನಿಗೆ ಹಸಿವು ಅಂತ ಸ್ಕ್ರೀನಿನ ಮೂಲೆಯಲ್ಲಿ ಗುರುತು ಬಂತು. ಅವನಿಗೆ ಬ್ರೆಡ್ಡು ತಿನ್ನಿಸಿದೆ. ಕುದುರೆಗೆ ಕೊಡಲು ಬಟನ್ನೇ ಇಲ್ಲ.

ಕುಣಾಲ ಬಂದಿದ್ದ. ಕುದುರೆ ಯಾಕೆ ಮೇಯುವುದಿಲ್ಲ ಅಂತ ಕೇಳಿದ್ದಕ್ಕೆ ನಕ್ಕ. "ಅದಕ್ಕ ಹಸಿವ ಆಗಂಗಿಲ್ಲಣ್ಣ. ಗೇಮ್ ಅದು."

"ಖರೇ ಇದ್ದಂಗ ಐತಿ ಅಂದಿದ್ದೆಲ್ಲ? ಸುಳ್ಳ ಯಾಕ ಹೇಳಿದಿ?"

ನನ್ನ ದನಿ ಏರಿತ್ತು. ಎಷ್ಟೋ ದಿನದ ಮೇಲೆ ಸಿಟ್ಟು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಹುಡುಗ ಪಾಪ, ಹೊರಟು ನಿಂತ. ಆನ್‌ಲೈನ್ ಕ್ಲಾಸಿಗೆ ಬೇಕು ಅಂತ ಹೆಡ್‌ಫೋನ್ ಒಯ್ದ. ಒಯ್ಯಲಿ, ಸ್ಪೀಕರ್ ಇದೆ.

ಫೆಬ್ರವರಿ 24, ಬೆಳಿಗ್ಗೆ 11

ಟೆಂಪೋ ಬಂದಿದೆ. ಅಣ್ಣಾಸಾಬರು, ಜೊತೆಗೆ ಇಬ್ಬರು ಆಳುಗಳು. ಕಿಟಕಿ ಅಂಗಳಕ್ಕೇ ಇದೆ, ಎಲ್ಲ ಕೇಳುತ್ತದೆ. ಕೊಟ್ಟಿಗೆಯಿಂದ ಎಳೆಯುತ್ತಿದ್ದಾರೆ. ಹರಣಿ ಹೊರಗೆ ಬರುತ್ತಿಲ್ಲ. ಆಳಿಗೆ ಒದೆ ಬಿದ್ದಿರಬೇಕು, ಯಾರೋ ಮರಾಠಿಯಲ್ಲಿ ಬೈದರು.

ನಾನು ಆಟದಲ್ಲಿದ್ದೇನೆ.

ಅದೇ ದಿನ, 11.40

ಹೀಗಾಯಿತು. ಆಟದಲ್ಲಿ ನನ್ನ ಕುದುರೆ ಕಾಡಿನಲ್ಲಿ ಎಲ್ಲೋ ಉಳಿಯಿತು. ಶಿಳ್ಳೆಯ ಬಟನ್ ಒತ್ತಿದೆ. ಸ್ಪೀಕರಿನಲ್ಲಿ ಜೋರಾಗಿ ಬಂತು. ಕೊಟ್ಟಿಗೆಯಿಂದ ಹರಣಿ ಕೆನೆಯಿತು.

ಅಪ್ಪ ಓಡಿ ಬಂದ.

"ನೀ ಶಿಳ್ಳಿ ಹೊಡದ್ಯಾ?"

"ಕಂಪ್ಯೂಟರ."

"ಮತ್ತ ಹೊಡಿ. ತಾನ ಹೊರಗ ಬಂದೈತಿ! ಟೆಂಪೋ ಏರೂತನಕ ಹೊಡಿ."

ಹೊಡೆದೆ. ಹೇಳಿದರು, ಒತ್ತಿದೆ. ಬೆರಳಿಗೇನು ಭಾರ? ಹಗ್ಗ ಆಳುಗಳ ಕೈಯಿಂದ ಜಾರಿತು. ಹರಣಿ ಟೆಂಪೋದ ಕಡೆ ಹೋಗಲಿಲ್ಲ. ನೇರವಾಗಿ ಕಿಟಕಿಗೆ ಬಂತು. ಸರಳುಗಳ ನಡುವೆ ಮೂತಿ ತೂರಿಸಿ ಉಸಿರು ಬಿಟ್ಟಿತು.

ಅಯ್ಯೋ, ಎಷ್ಟು ಸೊರಗಿದೆ. ಕಣ್ಣಿನ ಮೇಲೆ ಗುಳಿ ಬಿದ್ದಿದೆ. ತಟ್ಟೆಯಲ್ಲಿದ್ದ ರೊಟ್ಟಿ ಮುರಿದು ಹಿಡಿದೆ. ಮೂಸಿತು. ತಿಂದಿತು. ಇನ್ನೊಂದು ತುಂಡು. ಅದನ್ನೂ. ತಟ್ಟೆ ಖಾಲಿಯಾದ ಮೇಲೆ ನನ್ನ ಅಂಗೈ ನೆಕ್ಕುತ್ತ ನಿಂತಿತು. ನನಗೆ ಅಳು ಬಂತು. ಅಪ್ಪ ಇದ್ದಾನೆ ಅಂತಲೂ ನೋಡದೆ ಅತ್ತೆ.

ಅಣ್ಣಾಸಾಬರು ಹೊರಗಿನಿಂದಲೇ ಅಪ್ಪನಿಗೆ ಅಂದರು, "ಇರಲಿ ಮುರಗೆಪ್ಪ, ಮೊದಲ ಚಹಾ ಆಗಲಿ. ಆಮ್ಯಾಲ ಹುಡುಗನ್ನ ಟೆಂಪೋದ ಹತ್ತರ ಕುರ್ಚಿ ಹಾಕಿ ಕುಂಡ್ರಸೂಣು. ಅವ ಶಿಳ್ಳಿ ಹೊಡದ್ರ ಏರತೈತಿ."

ಅಪ್ಪ ನನ್ನ ಮುಖ ನೋಡಿ ಹೋದ.

ಈಗ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದಾರೆ. ಹರಣಿ ಇನ್ನೂ ಕಿಟಕಿಯಲ್ಲಿದೆ, ನೋಟ್‌ಬುಕ್ಕಿನ ಮೇಲೆ ಜೊಲ್ಲು. ಕಂಪ್ಯೂಟರ್ ಆಫ್ ಮಾಡಿದೆ. ಸೇವ್ ಮಾಡಲಿಲ್ಲ.

ಕುರ್ಚಿ ಬೇಡ. ಕೊಡುವುದಿಲ್ಲ ಅಂತ ಅವರೆದುರು ನಿಂತೇ ಹೇಳಬೇಕು. ಮಂಚದ ಮೇಲಿಂದ ಹೇಳಿದರೆ ಯಾರು ಕೇಳುತ್ತಾರೆ?

"ಅವ್ವಾ, ವಾಕರ ಮ್ಯಾಲಿನ ಅರಬಿ ತಗಿ."

ಅವ್ವ ಬಾಗಿಲಿಗೆ ಬಂದು ನಿಂತಳು. ಇನ್ನೊಮ್ಮೆ ಹೇಳಿದೆ. ತೆಗೆದಳು. ಧೋತರ ಕೆಳಗೆ ಬಿದ್ದದ್ದನ್ನೂ ಎತ್ತಲಿಲ್ಲ, ವಾಕರನ್ನು ಮಂಚಕ್ಕೆ ತಂದು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ನಿಂತಿದ್ದಾಳೆ.

ಕಪ್ಪು-ಬಸಿ ಕೆಳಗಿಟ್ಟ ಸದ್ದು. ಚಹಾ ಮುಗಿಯಿತು. ಮೊದಲು ಬಲಗಾಲು ಊರಿ, ಆಮೇಲೆ ಎಡಗಾಲು. ಇನ್ನು ಪೆನ್ನು ಇಡುತ್ತೇನೆ.