ಆರನೇ ಬಾಗಿಲ ಕಲ್ಲುಕಟ್ಟೆ

ಥಾರ್ನಿಬರಿ, ಇಂಗ್ಲೆಂಡು
ಕ್ರಿ.ಶ. 2391, ಫೆಬ್ರವರಿ 30

ಇಪ್ಪತ್ತೊಂದನೇ ಶತಮಾನದ ಸಮಸ್ತ ಕನ್ನಡ ಬಾಂಧವರೇ,

ಸಕಲ ಭೂಮಂಡಲಕ್ಕೂ ಈ ಮೂಲಕ ಸಾರಿ ಹೇಳುವುದೇನೆಂದರೆ: ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ, ನಮ್ಮ ಆರನೇ ಮನೆಯ ಬಾಗಿಲ ಪಕ್ಕದ ಕಲ್ಲುಕಟ್ಟೆಯನ್ನು ಕಿತ್ತುಹಾಕಲಾಗುವುದು. ಎರಡಡಿ ಉದ್ದದ ಕಟ್ಟೆ. ನಗಬೇಡಿ. ತಾರೀಖು ಕಂಡು ಗಾಬರಿಯೂ ಬೇಡ. ಫೆಬ್ರವರಿಗೆ ಆಗಿದ್ದ ಅನ್ಯಾಯವನ್ನು ನಾವು ಸರಿಪಡಿಸಿದ್ದೇವೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ, ನಿಮ್ಮದೂ ನಮಗೆ ಹಾಗೇ ಇದೆ.

ನಾವಿರುವುದು ಆಮ್ಸ್‌ಹೌಸಿನಲ್ಲಿ. ಅಂದರೆ ಹಿಂದಿನ ಇಂಗ್ಲಿಷ್ ಧಣಿಗಳು ಊರಿನ ಬಡ ಮುದುಕರಿಗೆಂದು ಕಟ್ಟಿಸಿದ ಧರ್ಮದ ಮನೆಗಳು. ನಮ್ಮ ಛತ್ರದಲ್ಲಿ ಮೂರು ದಿನ ಊಟ, ಆಮೇಲೆ ದಾರಿ ಹಿಡಿ. ಇಲ್ಲಿ ಒಳಗೆ ಬಂದವರು ಮೇಲೆ ಹೋಗುವ ತನಕ ಇರಬಹುದು. ಅಂಗಳದ ಮೂರು ಕಡೆ ಒಂದಕ್ಕೊಂದು ಅಂಟಿದ ಹನ್ನೆರಡು ಮನೆ, ನಡುವೆ ಪ್ರಾರ್ಥನಾಮಂದಿರ, ಹೆಬ್ಬಾಗಿಲ ಮೇಲೆ ಧಣಿಯ ಲಾಂಛನ. ಮನೆಯೆಂದರೆ ಒಂದೇ ಕೋಣೆ. ಚಿಮಣಿ ಮಾತ್ರ ಅರಮನೆಗೆ ಒಪ್ಪುವಷ್ಟು ಎತ್ತರ. ಬೀದಿಯಲ್ಲಿ ಹೋಗುವವರಿಗೆ ದಾನಿಯ ದೊಡ್ಡತನ ಕಾಣಬೇಡವೇ? ಕಿಟಕಿಗಳೆಲ್ಲ ಅಂಗಳದ ಕಡೆಗೇ, ಮುದುಕರು ಬೀದಿ ನೋಡಿ ಕೆಟ್ಟಾರೆಂದು. ಇಷ್ಟೆಲ್ಲ ಕುಚೇಷ್ಟೆ ಮಾಡಿದ ಮೇಸ್ತ್ರಿ ಒಂದು ಕಡೆ ಮಾತ್ರ ಮನುಷ್ಯನಾದ: ಆರನೇ ಬಾಗಿಲ ಪಕ್ಕ ಕೂರಲು ಕಟ್ಟೆ ಇಟ್ಟ.

ಆ ಮನೆ ಶಾವಂತ್ರಕ್ಕನವರದು. ವಯಸ್ಸು ತೊಂಬತ್ತೊಂದು, ಮಂಡಿ ಎರಡೂ ಮುಷ್ಕರ ಹೂಡಿವೆ. ಕಟ್ಟೆಯವರೆಗೆ ಬರುತ್ತಾರೆ, ಅದರಾಚೆ ಅವರಿಗೆ ಊರಿಲ್ಲ. ಕೋಣೆಯಲ್ಲಿ ಎರಡನೆಯವರಿಗೆ ಜಾಗವಿಲ್ಲದ್ದರಿಂದ ನಮ್ಮ ಹರಟೆ, ಜಗಳ, ಅವರೆಕಾಯಿ ಸುಲಿಯುವುದು ಎಲ್ಲ ಅದರ ಸುತ್ತಲೇ.

ಈಗ ಬಂದಿದೆ ಯಥಾಚಿತ್ರ ಮಂಡಳಿ. ಹಳೆಯ ಕಟ್ಟಡ ಹಳೆಯ ಫೋಟೊದಲ್ಲಿದ್ದಂತೆಯೇ ಇರಬೇಕೆಂದು ಕಾಯುವ ಪಂಡಿತರು ಇವರು. ನಮ್ಮದಕ್ಕೆ ಉಳಿದಿರುವ ಫೋಟೊ ಒಂದೇ, ನಿಮ್ಮ 2027ರ ಜೂನ್ 14ರ ಮಧ್ಯಾಹ್ನ ಮೂರು ಗಂಟೆಯದು. ಅದರಲ್ಲಿ ರೇಷ್ಮೆ ಸೀರೆ, ಸ್ವೆಟರ್, ಬಿಳಿ ಬೂಟಿನ ನಮ್ಮ ಕಡೆಯ ಅಮ್ಮನವರೊಬ್ಬರು ಆರನೇ ಬಾಗಿಲ ಬಳಿ ಸೆರಗು ಹರಡಿಕೊಂಡು, ಲಂಡನ್ ಗೆದ್ದವರಂತೆ ನಿಂತಿದ್ದಾರೆ. ಕಟ್ಟೆ ಪೂರ್ತಿ ಅವರ ಹಿಂದೆ. ಚಿತ್ರದಲ್ಲಿಲ್ಲ, ಆದ್ದರಿಂದ ಇರಕೂಡದು!

“ಗೋಡೆಯೊಳಗೇ ಬೆಸೆದಿದೆ, ಕಣ್ಣಿಗೆ ಕಾಣುತ್ತಲ್ಲ ಸ್ವಾಮಿ” ಎಂದೆ.

“ಕಣ್ಣು ದಾಖಲೆಯಲ್ಲ” ಎಂದರು ಮಂಡಳಿಯ ಪೆನ್‌ಫೋಲ್ಡ್ ಸಾಹೇಬರು.

“ಹಾಗಾದರೆ ಆ ಅಮ್ಮನವರನ್ನೂ ಕಲ್ಲಲ್ಲಿ ಕಡೆಸಿ ನಿಲ್ಲಿಸಿ.”

“ಅದಕ್ಕೆ ಬೇರೆ ಅರ್ಜಿ ಕೊಡಿ.”

ಕುರ್ಚಿ ಹಾಕೋಣವೆಂದರೆ ಚಿತ್ರದಲ್ಲಿ ಕುರ್ಚಿಯೂ ಇಲ್ಲ. ಶಾವಂತ್ರಕ್ಕ ಕೂತಲ್ಲಿಂದಲೇ ಗುಡುಗಿದರು: “ನಾ ಕುಂದರೂ ಕಲ್ಲು ಕಿತ್ತರ ಹೆಂಗಪಾ? ಒಳಗ ಮಲಗಿ ಚಿಮಣಿ ಎಣಿಸಲೇನು? ನಿಮ್ಮಪ್ಪನ ಗಂಟೇನ್ ಹೋಗತೈತಿ?” ಸಾಹೇಬರು ಅದನ್ನೂ ಬರೆದುಕೊಂಡರು, ‘ಆಕ್ಷೇಪಣೆ ಇಲ್ಲ’ ಎಂದು.

ಆದ್ದರಿಂದ ಒಂದು ಸಣ್ಣ ಉಪಕಾರ. ನಿಮ್ಮಲ್ಲಿ ಯಾರಾದರೂ ಆ ಜೂನ್ 14ರ ಮಧ್ಯಾಹ್ನ ಮೂರರ ಹೊತ್ತಿಗೆ ಥಾರ್ನಿಬರಿಯಲ್ಲಿದ್ದರೆ, ಆ ಅಮ್ಮನವರಿಗೆ ಕೈಮುಗಿದು, ಫೋಟೊ ತೆಗೆಯುವ ಮೊದಲು ಎರಡು ಹೆಜ್ಜೆ ಎಡಕ್ಕೆ ಸರಿಯಲು ಹೇಳಿ.

ಏಳನೇ ಮನೆಯ
ಫಕೀರಪ್ಪ ಕಮತಗಿ