ತವರುಮನೆಯ ಪ್ಲಾನು

ಬನಶಂಕರಿ ಎರಡನೇ ಹಂತ, ಬೆಂಗಳೂರು
೧೨ ಜುಲೈ ೨೦೨೫, ಶನಿವಾರ

ಪ್ರೀತಿಯ ಅವ್ವಾ,

ನಿನ್ನ ಮಂಡಿನೋವು ಹೇಗಿದೆ? ಮದ್ದೂರಿನಲ್ಲಿ ಮಾವನ ಮನೆಯ ಬಚ್ಚಲಿಗೆ ಮೆಟ್ಟಿಲು ಇಳಿಯಬೇಕು, ಗೋಡೆ ಹಿಡಿದುಕೊಂಡೇ ಇಳಿ. ನಾನು ಕಳಿಸಿದ ಎಣ್ಣೆಯನ್ನು ಬಂದವರಿಗೆಲ್ಲ ಹಂಚಬೇಡ, ನೀನೂ ಸ್ವಲ್ಪ ಹಚ್ಚಿಕೋ. ಫೋನ್ ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ಅತ್ತೆ ನಗಬಹುದು, ನಗಲಿ. ನೀನು ಸ್ಪೀಕರ್ ಹಾಕಿಕೊಂಡು ಹಾಲ್‌ನಲ್ಲಿ ಕುಳಿತು ಮಾತಾಡುತ್ತೀಯ. ನಾನು ಏನು ಹೇಳಿದರೂ ಸಂಜೆಯೊಳಗೆ ಕೋಣನಕುಂಟೆಯಲ್ಲಿ ತಮ್ಮ ನಂದಕುಮಾರನ ಕಿವಿಗೆ ಬಿದ್ದಿರುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಒಬ್ಬಳೇ ಕುಳಿತು ಓದಿಕೋ.

ನಿನ್ನ ಅಳಿಯ ಕೆಲಸ ಮಾಡುತ್ತಿದ್ದ ಬೊಮ್ಮನಹಳ್ಳಿಯ ಕಾರ್ಖಾನೆ ಯುಗಾದಿಗೆ ಮುಚ್ಚಿತಲ್ಲ, ಇನ್ನೂ ಬೇರೆ ಕಡೆ ಸಿಕ್ಕಿಲ್ಲ. ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಡುತ್ತಾರೆ, ಮಧ್ಯಾಹ್ನ ಅದೇ ಅಂಗಿಯಲ್ಲಿ ಸುಮ್ಮನೆ ಬಂದು ಕೂರುತ್ತಾರೆ. ಜೆ.ಪಿ. ನಗರದಲ್ಲಿ ಅಡುಗೆಮನೆಯ ಕಪಾಟು ಮಾಡಿಕೊಡುವ ಅಂಗಡಿಯವರು, ಕಂಪ್ಯೂಟರ್‌ನಲ್ಲಿ ಡ್ರಾಯಿಂಗ್ ಹಾಕಲು ಬಂದರೆ ನನಗೆ ಕೆಲಸ ಕೊಡುತ್ತೇವೆ ಎಂದಿದ್ದರು. ಹಾಗಾಗಿ ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ, ನಾನು ಆಟೋಕ್ಯಾಡ್ ಕಲಿಯಲು ಸೇರಿದ್ದು ನಿನಗೆ ಗೊತ್ತೇ ಇದೆ. ಅಲ್ಲಿ ಎಲ್ಲರೂ ಡಿಪ್ಲೊಮಾ ಹುಡುಗರು. ಕಲಿಸುವ ಜ್ಯೋತ್ಸ್ನಾಗೂ ನನ್ನ ಅರ್ಧ ವಯಸ್ಸು. ಮೇಡಂ ಎಂದು ನಾನು ಅವಳನ್ನು ಕರೆಯುತ್ತೇನೆ, ಆಂಟಿ ಎಂದು ಅವಳು ನನ್ನನ್ನು ಕರೆಯುತ್ತಾಳೆ. ಮೊದಮೊದಲು ಮೌಸ್ ಮುಟ್ಟಿದರೆ ಗೆರೆ ಕೈಗೆ ಅಂಟಿಕೊಂಡು ಹಿಂದೆಯೇ ಬರುತ್ತಿತ್ತು, ಬಿಡಿಸಿಕೊಳ್ಳುವುದು ಹೇಗೆಂದು ತಿಳಿಯದೆ ಕೈ ಮೇಲೆತ್ತಿ ಕುಳಿತಿರುತ್ತಿದ್ದೆ. ಎಸ್ಕೇಪ್ ಎನ್ನುವ ಕೀಲಿ ಒತ್ತಬೇಕಂತೆ. ಒಂದು ವಾರ ನಾನು ಕಲಿತದ್ದು ಅದೊಂದೇ.

ನನ್ನ ಮೊದಲನೇ ಡ್ರಾಯಿಂಗಿನ ಕಥೆ ಕೇಳಿದರೆ ನೀನು ನಗುತ್ತೀಯ. ಒಂದು ರೂಮು ಬರೆಯಿರಿ ಎಂದಳು. ನನಗೆ ಗೊತ್ತಿದ್ದ ದಾರಿ ಒಂದೇ, ನೀನು ಬಾಗಿಲಲ್ಲಿ ಕಲಿಸಿದ್ದು. ಮೊದಲು ಪರದೆಯ ತುಂಬ ಚುಕ್ಕಿ ಇಟ್ಟೆ, ಆಮೇಲೆ ಒಂದೊಂದೇ ಚುಕ್ಕಿ ಸೇರಿಸಿ ಗೆರೆ ಎಳೆದೆ. ಒಂದು ಕಡೆಯೂ ಗೆರೆ ಬಿಟ್ಟುಹೋಗಿರಲಿಲ್ಲ, ಮೂಲೆಗಳು ಮುತ್ತಿನಂತೆ ಕೂಡಿದ್ದವು. ಜ್ಯೋತ್ಸ್ನಾ ಬಗ್ಗಿ ನೋಡಿ, "ಆಂಟಿ, ಇದು ರಂಗೋಲಿ ಆಯ್ತು. ಗೋಡೆಗೆ ದಪ್ಪ ಇರುತ್ತಲ್ವಾ? ಒಂಟಿ ಗೆರೆ ಹಾಕಿದ್ರೆ ಗೋಡೆ ಎಲ್ಲಿ ಕಟ್ತಾರೆ?" ಎಂದಳು. ಹುಡುಗರೆಲ್ಲ ಕುರ್ಚಿ ತಿರುಗಿಸಿ ನೋಡಿದರು. ನನಗೆ ಅಳು ಬಂದಿತ್ತು, ನಕ್ಕುಬಿಟ್ಟೆ. ಆಮೇಲೆ ಆಫ್‌ಸೆಟ್ ಎನ್ನುವುದನ್ನು ತೋರಿಸಿಕೊಟ್ಟಳು. ಗೆರೆ ಆರಿಸಿ ಗೋಡೆಯ ದಪ್ಪ ಎಷ್ಟೆಂದು ಹೇಳಿದರೆ ಪಕ್ಕದಲ್ಲಿ ಇನ್ನೊಂದು ಗೆರೆ ತಾನೇ ಬಂದು ನಿಲ್ಲುತ್ತದೆ. ಅವತ್ತು ಮನೆಗೆ ಬಂದು ನಿನ್ನ ಅಳಿಯನಿಗೆ ಗೋಡೆ ತಟ್ಟಿ ತಟ್ಟಿ ವಿವರಿಸಿದೆ.

ಇದನ್ನೆಲ್ಲ ಕೇಳಿದ ನಂದ ತಾನಾಗಿಯೇ ಫೋನ್ ಮಾಡಿದ. "ಅಕ್ಕ, ಹೆಂಗೂ ಕಲೀತಿದ್ದೀಯ, ನಮ್ಮ ಮನೆ ಪ್ಲಾನ್ ನೀನೇ ಹಾಕು. ಹಳೇದು ಕೆಡವಿ ಕಟ್ಟೋಣ ಅಂತಿದ್ದೀವಿ" ಎಂದ. ಅವ್ವಾ, ನನಗೆ ಎಷ್ಟು ಹಿಗ್ಗಾಯಿತು ಎಂದು ನಾಚಿಕೆ ಬಿಟ್ಟು ಹೇಳುತ್ತೇನೆ. ಮದುವೆಯಾದ ಮೇಲೆ ಆ ಮನೆಯಲ್ಲಿ ಯಾರಾದರೂ ನನ್ನಿಂದ ಒಂದು ಕೆಲಸ ಬೇಕೆಂದು ಕೇಳಿದ್ದು ಅದೇ ಮೊದಲು. ಭಾನುವಾರ ಟೇಪು ಹಿಡಿದುಕೊಂಡು ಹೋದೆ. ಆ ಕಡೆಯ ತುದಿಯನ್ನು ಅಪ್ಪ ಹಿಡಿದುಕೊಂಡರು, ಪಂಚೆ ಎತ್ತಿ ಕಟ್ಟಿ ಮೂಲೆಮೂಲೆಗೂ ಬಂದರು. ನೀನು ಒಲೆಯ ಮುಂದೆ ನಿಂತು, "ಅಡಿಗೆಮನೆ ದೊಡ್ಡದಾಗಿ ಹಾಕವ್ವ" ಎಂದೆ. ಹಾಕಿದ್ದೇನೆ. ಕಿಟಕಿಯನ್ನೂ ಪೂರ್ವಕ್ಕೇ ಇಟ್ಟಿದ್ದೇನೆ. ನೀನೂ ಅಪ್ಪನೂ ಕೆಳಗೆ, ನಂದ ಮೇಲೆ, ಅದರ ಮೇಲೆ ಬಾಡಿಗೆಗೆ. ಕೆಳಗೆ ಹಿತ್ತಿಲ ಕಡೆಗೆ ಒಂದು ಸಣ್ಣ ರೂಮು ಉಳಿಯಿತು. ನಾನು ಪಿಯುಸಿ ಓದುತ್ತಿದ್ದ ರೂಮು ಇದ್ದದ್ದೂ ಅಲ್ಲಿಯೇ. ಅದಕ್ಕೆ ಹೆಸರು ಬರೆಯುವಾಗ ಬೇರೇನೂ ಹೊಳೆಯದೆ 'ಚೂಡಾಮಣಿ ರೂಮ್' ಎಂದು ಟೈಪ್ ಮಾಡಿದೆ.

ನಂದ ನೋಡಿ ಮೆಚ್ಚಿಕೊಂಡ. "ಸಖತ್ತಾಗಿದೆ ಅಕ್ಕ, ಅದೊಂದು ರೂಮಿಗೆ ಮಾತ್ರ ಗೆಸ್ಟ್ ರೂಮ್ ಅಂತ ಹಾಕ್ಬಿಡು. ಬ್ಯಾಂಕಿನವ್ರು ಇದ್ಯಾರ ಹೆಸ್ರು ಅಂತ ಕೇಳ್ತಾರೆ" ಎಂದ. ಬ್ಯಾಂಕಿನವರ ಲೆಕ್ಕ ನನಗೇನು ಗೊತ್ತು? ಅಕ್ಷರದ ಮೇಲೆ ಎರಡು ಸಲ ಒತ್ತಿದರೆ ಅದು ತೆರೆದುಕೊಳ್ಳುತ್ತದೆ. ನನ್ನ ಹೆಸರನ್ನು ನಾನೇ ಅಳಿಸಿ ಗೆಸ್ಟ್ ರೂಮ್ ಎಂದು ಹಾಕಿದೆ. ಜ್ಯೋತ್ಸ್ನಾ ಅದನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಸಿಕೊಟ್ಟು, "ಸೂಪರ್ ಆಂಟಿ" ಎಂದು ಕೈ ಕುಲುಕಿದಳು. ಹಾಳೆ ಸುಕ್ಕಾಗದಂತೆ ಸುತ್ತಿ ಎದೆಗೆ ಒತ್ತಿಕೊಂಡು ಬಸ್ಸಿನಲ್ಲಿ ನಿಂತೇ ಕೋಣನಕುಂಟೆಗೆ ಹೋದೆ. ನೀನು ಮನೆಯಲ್ಲಿರಲಿಲ್ಲ. ನಿನ್ನೆಯೇ ಮದ್ದೂರಿಗೆ ಹೋದಳು, ಅಣ್ಣನನ್ನು ನೋಡಬೇಕು ಎನ್ನಿಸಿತಂತೆ ಎಂದು ಅಪ್ಪ ಹೇಳಿದರು.

ಪ್ಲಾನನ್ನು ಹಾಲ್‌ನಲ್ಲಿ ಹಾಸಿ ಎಲ್ಲರೂ ನೋಡಿದರು. ಕಾಫಿ ಆಯಿತು. ಆಮೇಲೆ ನಂದ ಅದರ ಮೇಲೆಯೇ ಇನ್ನೊಂದು ಕಾಗದ ಇಟ್ಟ. ತಾತನ ಕಾಲದ ಜಾಗವಾದ್ದರಿಂದ ಹೆಣ್ಣುಮಗಳು ಹಕ್ಕು ಬಿಟ್ಟುಕೊಟ್ಟರೆ ಮಾತ್ರ ಬ್ಯಾಂಕಿನವರು ಸಾಲ ಕೊಡುತ್ತಾರಂತೆ. ಅವನ ಹೆಂಡತಿ ಅರಿಶಿನ ಕುಂಕುಮಕ್ಕೆಂದು ತಟ್ಟೆಯಲ್ಲಿ ರೇಷ್ಮೆ ಸೀರೆ ಇಟ್ಟುಕೊಂಡು ರೂಮಿನಿಂದ ಬಂದಳು. ಆಗ ನನಗೆ ಹೊಳೆಯಿತು, ಪ್ಲಾನ್ ಹಾಕು ಎಂದು ಕರೆದದ್ದು ನನ್ನನ್ನು ಮೆತ್ತಗೆ ಮಾಡಲು. ನನ್ನ ಕೈಯಿಂದಲೇ ಮನೆ ಬರೆಸಿ, ನನ್ನ ಕೈಯಿಂದಲೇ ನನ್ನನ್ನು ಹೊರಗೆ ಹಾಕಿಸಿದರು. "ಯೋಚನೆ ಮಾಡಿ ಹೇಳ್ತೀನಿ" ಎಂದೆ. ಅಪ್ಪ ಗೋಡೆ ನೋಡಿಕೊಂಡು, "ನಿಂಗೇನವ್ವ ಕಮ್ಮಿ ಮಾಡಿದ್ದೀವಿ?" ಎಂದರು. ಹಿಂದಿನ ಭಾನುವಾರ ಟೇಪು ಹಿಡಿದು ನನ್ನ ಜೊತೆ ಮೂಲೆಮೂಲೆ ಸುತ್ತಿದವರು ಇವರೇನಾ ಎನ್ನಿಸಿತು.

ಅವರ ಮೇಲಿನ ಸಿಟ್ಟು ಇಳಿಯಬಹುದು. ಆದರೆ ಆ ಸೀರೆ ನನ್ನಿಷ್ಟದ ನೇರಳೆ ಬಣ್ಣದ್ದು, ಸಣ್ಣ ಅಂಚಿನದ್ದು. ದೊಡ್ಡ ಅಂಚು ನನಗೆ ಭಾರ ಎಂದು ನಂದನ ಹೆಂಡತಿಗೆ ಗೊತ್ತಿಲ್ಲ, ನಂದನಿಗೆ ಬಣ್ಣಗಳ ಹೆಸರೇ ಗೊತ್ತಿಲ್ಲ. ಅಂಗಡಿಯಲ್ಲಿ ಕುಳಿತು ಅದನ್ನು ಆರಿಸಿದವಳು ನೀನು. ಆರಿಸಿಟ್ಟು, ನನ್ನ ಮುಖ ನೋಡಲಾಗದೆ ಊರು ಬಿಟ್ಟೆ. ಒಂದು ಮಾತು ಮೊದಲೇ ಹೇಳಬಹುದಿತ್ತಲ್ಲ ಅವ್ವಾ? ನೀನೂ ಹೀಗೆಯೇ ಒಂದು ಸೀರೆ ಉಟ್ಟುಕೊಂಡು ಮದ್ದೂರಿನ ಮನೆಯ ಹಕ್ಕು ಬಿಟ್ಟು ಸಹಿ ಹಾಕಿ ಬಂದವಳು. ಈಗ ಅದೇ ಮನೆಯ ಹಾಲ್‌ನಲ್ಲಿ ಹಾಸಿಗೆ ಹಾಸಿಕೊಳ್ಳುತ್ತೀಯ, ನೆಂಟರು ಬರುವಷ್ಟರಲ್ಲಿ ಸುತ್ತಿಡುತ್ತೀಯ. ಅತ್ತೆ ಎದ್ದಮೇಲೆ ಕಾಫಿ ಸಿಗುತ್ತದೆ ಎಂದು ನೀನೇ ನನ್ನ ಹತ್ತಿರ ಅತ್ತಿದ್ದೆ. ಅದು ಹೇಗಿರುತ್ತದೆಂದು ನಿನಗಿಂತ ಚೆನ್ನಾಗಿ ಬಲ್ಲವರು ಈ ಮನೆಯಲ್ಲಿ ಯಾರಿದ್ದಾರೆ? ಗೊತ್ತಿದ್ದೂ ಸೀರೆ ಆರಿಸಿದೆಯಲ್ಲ, ಅದೇ ನನಗೆ ತಡೆಯಲಾಗುತ್ತಿಲ್ಲ.

ಮಾವನಿಗೂ ಅತ್ತೆಗೂ ನಮಸ್ಕಾರ ತಿಳಿಸು. ಮಂಡಿಗೆ ಬಿಸಿನೀರಿನ ಶಾಖ ಕೊಡು, ಮೈ ನೋಡಿಕೋ. ಎಷ್ಟೇ ಸಿಟ್ಟಿದ್ದರೂ ನಿನ್ನ ಕಾಲಿಗೆ ಬೀಳುವವಳು,

ನಿನ್ನ ಮಗಳು
ಚೂಡಾಮಣಿ

ತಾ.ಕ.: ಕಾಗದ ಅಂಟಿಸುವಷ್ಟರಲ್ಲಿ ನಂದನ ಫೋನ್ ಬಂತು. ನಾನು ಒಪ್ಪುತ್ತಿಲ್ಲವೆಂದು ಮುಂದಿನ ಭಾನುವಾರ ಆ ಹಕ್ಕು ಬಿಡುವ ಪತ್ರ ಹಿಡಿದುಕೊಂಡು ಮದ್ದೂರಿಗೆ ಬರುತ್ತಾನಂತೆ. "ಮೊದಲು ಸಾಕ್ಷಿಗೆ ಅವ್ವನ ಸಹಿ ಹಾಕಿಸ್ತೀನಿ, ಆಮೇಲೆ ನೀನು ಹೇಗೆ ಇಲ್ಲ ಅಂತೀಯ ನೋಡ್ತೀನಿ ಅಕ್ಕ" ಎಂದ. ಅವನು ಹೇಳಿದ್ದು ನಿಜ, ನೀನು ಹಾಕಿದರೆ ನಾನೂ ಹಾಕಿಬಿಡುತ್ತೇನೆ. ನಿನ್ನ ಮೇಲೆ ಜಗಳಕ್ಕೆ ನಿಲ್ಲುವ ಶಕ್ತಿ ನನಗಿಲ್ಲ. ಆದರೆ ಆಮೇಲೆ ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ನನ್ನ ಬಾಗಿಲಿಗೆ ಬರಬೇಡ ಅವ್ವಾ, ನಾನು ತೆಗೆಯುವುದಿಲ್ಲ.